ಚಿಗವ್ವನ ಕಾಲ್ಗುಣ ಮತ್ತು ಕುಂಬಾರನ ಕತ್ತೆ

ನಮ್ಮ ಅಜ್ಜಿಗೆ ಕಾರಣ ಗೊತ್ತಿಲ್ಲದ ಸಂಗತಿ ಈ ಭೂಮಿಯ ಮೇಲೆ ಒಂದೂ ಇರಲಿಲ್ಲ. ಬಿಕ್ಕಳಿಕೆ ಬಂತೆಂದರೆ ಯಾರೋ ನೆನೆಸುತ್ತಿದ್ದಾರೆ. ಮೊಸರು ಹುಳಿಯಾಯಿತೆಂದರೆ ಹೆಪ್ಪು ಹಾಕುವಾಗ ಯಾರೋ ಹಣಿಕಿ ಹಾಕಿದ್ದಾರೆ. ಕಾಗೆ ಮಾಳಿಗೆಯ ಮೇಲೆ ಕೂತು ಕೂಗಿತೆಂದರೆ ನೆಂಟರು ಬರುತ್ತಾರೆ. ನಮ್ಮೂರು ಮಸ್ಕಿಯಿಂದ ಬಳಗಾನೂರಿಗೆ ಹೋಗುವ ದಾರಿಯಲ್ಲಿತ್ತು. ಸಂತೆಗೆ ಹೋಗುವವರು, ಬರುವವರು, ಬಸ್ಸು ತಪ್ಪಿದವರು ಅಂತ ದಿನಾ ಒಬ್ಬರಲ್ಲ ಒಬ್ಬರು ನಮ್ಮ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಕಾಗೆಯೂ ದಿನಾ ಕೂಗುತ್ತಿತ್ತು. ಹೀಗಾಗಿ ಅಜ್ಜಿಯ ಮಾತು ಎಂದೂ ತಪ್ಪಾಗಲಿಲ್ಲ.

ನಾನು ಮಾತುಮಾತಿಗೆ ಯಾಕೆ ಎಂದು ಕೇಳುವ ಹುಡುಗಿ. ಅಜ್ಜಿ ಬೀಸುವಾಗ, ಕುಟ್ಟುವಾಗ, ಎಲೆಯಡಿಕೆ ಹಾಕುವಾಗ ಪಕ್ಕದಲ್ಲೇ ಕೂತು ‘ಯಾಕಜ್ಜಿ’ ಅನ್ನುತ್ತಿದ್ದೆ. ಅವ್ವನಿಗೆ ಸಿಟ್ಟು ಬರುತ್ತಿತ್ತು. ಅಜ್ಜಿಗೆ ಎಂದೂ ಬರಲಿಲ್ಲ. ‘ಕೇಳಲಿ ಬಿಡು, ಕೇಳಿದ್ರೇನು ಬಾಯಿ ಸವೀತೈತೇನು’ ಅಂತ ಅಡಿಕೆ ಹೋಳು ನನ್ನ ಕೈಗೂ ಒಂದು ಹಾಕುತ್ತಿದ್ದಳು. ಮುಂದೆ ನಾನು ಲಿಂಗಸುಗೂರಿನ ಕಾಲೇಜಿನಲ್ಲಿ ಮೂವತ್ತು ವರ್ಷ ತರ್ಕಶಾಸ್ತ್ರ ಕಲಿಸಿದೆ. ಕಾರಣ ಎಂದರೇನು, ಮನುಷ್ಯನಿಗೆ ಆ ವಿಚಾರ ಮೊದಲು ಎಲ್ಲಿಂದ ಬಂತು ಎಂಬುದು ನನ್ನ ಇಷ್ಟದ ಪಾಠ. ಆ ಪಾಠವನ್ನು ನಾನು ಯಾವಾಗಲೂ ನಮ್ಮ ಅಂಗಳದಿಂದಲೇ ಸುರುಮಾಡುತ್ತಿದ್ದೆ. ಸುರುಮಾಡುತ್ತಿದ್ದೆ ನಿಜ, ಆದರೆ ಪೂರ್ತಿ ಹೇಳುತ್ತಿರಲಿಲ್ಲ.

ಅಂಗಳದ ಕಥೆ ಇದು. ನನಗೆ ಆಗ ಹತ್ತು ವರ್ಷ. ನಮ್ಮ ಕಾಕಾನಿಗೆ ಸಾಲಗುಂದದ ಹುಡುಗಿಯನ್ನು ತಂದರು. ಮದುವೆ ಅವರೂರಲ್ಲಿ ಮುಗಿದು, ಮರುದಿನ ಮಧ್ಯಾಹ್ನ ಹೆಣ್ಣನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ನಮ್ಮೂರಿಗೆ ಕರಕೊಂಡು ಬರುವುದು, ನಮ್ಮ ಮನೆಯಲ್ಲಿ ಬೀಗರ ಊಟ. ಊಟಕ್ಕೆ ಬರುವ ಅಷ್ಟು ಮಂದಿ ಕೂರಲು ಹಾಸು ಬೇಕಲ್ಲ. ಕಾಲುವೆಯ ನೀರು ಬಂದು ಜೋಳದ ಹೊಲಗಳು ಗದ್ದೆಯಾಗಿ, ಮನೆಮನೆಗೆ ಯೂರಿಯಾ ಚೀಲ ಬರತೊಡಗಿದ್ದ ಕಾಲ. ನಮ್ಮ ಕಡೆಯ ಹೆಂಗಸರು ಖಾಲಿ ಚೀಲ ಒಂದನ್ನೂ ಬಿಸಾಡುತ್ತಿರಲಿಲ್ಲ. ಬಿಚ್ಚಿ, ತೊಳೆದು, ದಬ್ಬಣದಿಂದ ಒಂದಕ್ಕೊಂದು ಹೊಲಿದು ಹಾಸು ಮಾಡುತ್ತಿದ್ದರು. ಬೀಗರ ಊಟಕ್ಕೂ ಅದೇ ಹಾಸು.

ಆ ದಿನ ಬೆಳಿಗ್ಗೆ ಅವ್ವ ಒಂದು ಹೊರೆ ಚೀಲಗಳನ್ನು ನೆನೆಹಾಕಿ ತೊಳೆದಳು. ಎಲ್ಲಿ ಅಂದರೆ ದನಕ್ಕೆ ನೀರು ಕುಡಿಸುವ ಕಲ್ಲಿನ ದೋಣಿಯಲ್ಲಿ. ಅಷ್ಟು ನೀರು ಹಿಡಿಯುವಂಥದ್ದು ಮನೆಯಲ್ಲಿ ಅದೊಂದೇ ಇತ್ತು. ಚೀಲದ ಮೂಲೆಗಳಲ್ಲಿ ಉಳಿದಿದ್ದ ಬಿಳಿ ಕಾಳುಗಳು ನೀರಿಗೆ ಬಿದ್ದು ಕರಗುತ್ತಿದ್ದವು. ನಾನು ಕೈ ಅದ್ದಿ ನೋಡಿದೆ. ಸುಡುಬಿಸಿಲಿನಲ್ಲೂ ಆ ನೀರು ಹೊಸ ಗಡಿಗೆಯ ನೀರಿನ ಹಾಗೆ ತಣ್ಣಗಿತ್ತು. ಆ ತಂಪು ಈಗಲೂ ನನ್ನ ಬೆರಳಲ್ಲಿದೆ. ಚೀಲಗಳನ್ನು ಬಣವೆಯ ಮೇಲೆ ಒಣಹಾಕಿ ಅವ್ವ ನನಗೆ ಹೇಳಿದಳು: ‘ಆ ದೋಣ್ಯಾಗಿನ ನೀರು ಚೆಲ್ಲಿ ಬ್ಯಾರೆ ನೀರು ತುಂಬಬೇ. ರಾಡಿ ಆಗೈತಿ.’ ಅದು ವಿಷ ಅಂತ ಅವ್ವನಿಗೂ ಗೊತ್ತಿರಲಿಲ್ಲ, ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆಳೆಗೆ ಹಾಕುವ ಗೊಬ್ಬರ, ಬೆಳೆ ಹಸಿರಾಗುತ್ತದೆ, ಅಷ್ಟೇ.

ದೋಣಿಯ ತಳದಲ್ಲಿ ಒಂದು ತೂತು, ಅದಕ್ಕೆ ಅರಿವೆಯ ಬಿರಡೆ. ತಡಮಾಡಿ ಮಧ್ಯಾಹ್ನ ಅದನ್ನು ಎಳೆಯಲು ಬಗ್ಗಿದ್ದೆ, ಕಾಲುವೆಯ ಸೇತುವೆ ಕಡೆಯಿಂದ ಟ್ರ್ಯಾಕ್ಟರಿನ ಹಾರ್ನು ಕೇಳಿತು. ಹೊಸ ಹೆಣ್ಣು ಬಂದಳು. ನಾನು ಬಿರಡೆಯನ್ನು ಅಲ್ಲಿಗೇ ಬಿಟ್ಟು ಓಡಿದೆ.

ಚಿಗವ್ವನನ್ನು, ಅಂದರೆ ಕಾಕಾನ ಹೆಂಡತಿಯನ್ನು, ನಾನು ಮೊದಲು ನೋಡಿದ್ದು ಆಗ. ಹಸಿರು ಸೀರೆ, ಹಣೆ ತುಂಬ ವಿಭೂತಿ, ಅದರ ನಡುವೆ ಕುಂಕುಮ. ಧೂಳಿಗೆ ರೆಪ್ಪೆಗಳೆಲ್ಲ ಕೆಂಪಾಗಿದ್ದವು. ಹೊಸ್ತಿಲ ಮೇಲೆ ಸೇರಿನಲ್ಲಿ ಅಕ್ಕಿ ತುಂಬಿ ಇಟ್ಟಿದ್ದರು. ಆಕೆ ಬಲಗಾಲಿನಿಂದ ಅದನ್ನು ಎಷ್ಟು ಮೆಲ್ಲಗೆ ಒದ್ದಳೆಂದರೆ ಸೇರು ಉರುಳಲೇ ಇಲ್ಲ, ಎರಡನೆಯ ಸಲ ಒದೆಯಬೇಕಾಯಿತು. ಎಲ್ಲರೂ ನಕ್ಕರು. ಆಕೆಯೂ ತಲೆ ತಗ್ಗಿಸಿಕೊಂಡು ನಕ್ಕಳು. ಆ ಮನೆಯಲ್ಲಿ ಆಕೆ ಹಾಗೆ ಹಗುರಾಗಿ ನಕ್ಕಿದ್ದನ್ನು ಮತ್ತೆ ನಾನು ಬಹಳ ವರ್ಷ ನೋಡಲಿಲ್ಲ.

ಊಟದ ಗದ್ದಲದಲ್ಲಿ ಯಾರೋ ಎತ್ತುಗಳನ್ನು ನೀರಿಗೆ ಬಿಟ್ಟಿದ್ದಾರೆ. ಎರಡರಲ್ಲಿ ದೊಡ್ಡದು ಮೊದಲು ಬಾಯಿ ಹಾಕುವುದು, ಇನ್ನೊಂದು ಅದು ಮುಗಿಸುವ ತನಕ ಕಾಯುವುದು ಅವುಗಳ ರೂಢಿ. ಬೀಗರು ಕೈ ತೊಳೆಯುವ ಹೊತ್ತಿಗೆ ದೊಡ್ಡ ಎತ್ತು ನಡುಗುತ್ತ ನಿಂತಿತ್ತು, ಇನ್ನೊಂದು ಇನ್ನೂ ಬಾಯಿ ಹಾಕಿರಲಿಲ್ಲ. ಹೊಟ್ಟೆ ಉಬ್ಬಿತು, ಬಾಯಲ್ಲಿ ನೊರೆ ಬಂತು. ಬೇವಿನ ರಸ ಅಂದರು, ಮಜ್ಜಿಗೆ ಅಂದರು, ದೃಷ್ಟಿ ತೆಗೆದರು. ಹೊತ್ತು ಮುಳುಗುವ ಮೊದಲೇ ಅದು ಸತ್ತಿತು. ನಮ್ಮ ಮನೆಯಲ್ಲಿ ಎತ್ತು ಎಂದರೆ ಬಸವಣ್ಣ. ಕಾಕಾ ಅದರ ಕೊರಳು ತಬ್ಬಿಕೊಂಡು ಮದುಮಗನ ಬಟ್ಟೆಯಲ್ಲೇ ಅತ್ತ.

ಆ ಗದ್ದಲದ ನಡುವೆ ನನಗೆ ನೆನಪಾಗಿದ್ದು ನೀರು ಚೆಲ್ಲಿಲ್ಲ ಎಂಬುದು. ಎತ್ತಿಗೂ ನೀರಿಗೂ ಸಂಬಂಧ ಅಂತ ಹೊಳೆಯಲಿಲ್ಲ, ಹೇಳಿದ ಕೆಲಸ ಮಾಡಿಲ್ಲ, ಬಡಿತಾರೆ ಅನ್ನುವ ಹೆದರಿಕೆ ಅಷ್ಟೇ. ಯಾರೂ ನೋಡದಾಗ ಹೋಗಿ ಬಿರಡೆ ಎಳೆದೆ. ಸ್ವಲ್ಪ ಹೊತ್ತಿಗೆ ಅವ್ವ ಬಂದು ಕೇಳಿದಳು: ‘ಆ ನೀರು ಚೆಲ್ಲಿದ್ಯೇನು?’

‘ಚೆಲ್ಲೀನಿ’ ಅಂದೆ.

ಅದು ಸುಳ್ಳಲ್ಲ. ಚೆಲ್ಲಿದ್ದು ನಿಜ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಮಾತ್ರ ನಾನು ಹೇಳಲಿಲ್ಲ. ಅವ್ವನ ಮನಸ್ಸಿನಲ್ಲಿ ಏನಾದರೂ ಸಂಶಯವಿದ್ದರೆ ಅದು ಅಲ್ಲಿಗೇ ಮುಗಿಯಿತು.

ಅಜ್ಜಿ ಕಟ್ಟೆಯ ಮೇಲೆ ಕೂತು, ಯಾರನ್ನೂ ನೋಡದೆ, ‘ಕಾಲಿಟ್ಟ ಗಳಿಗಿ’ ಅಂದಳು. ಬೈದು ಹೇಳಿದ್ದಲ್ಲ. ಬಿಕ್ಕಳಿಕೆಗೆ, ಕಾಗೆಗೆ ಕಾರಣ ಹೇಳಿದ ಹಾಗೇ ಹೇಳಿದಳು. ಕೋಣೆಯೊಳಗೆ ಕೂತಿದ್ದ ಹೊಸ ಹೆಣ್ಣಿಗೆ ಅದು ಕೇಳಿಸಿತು.

ಅಲ್ಲಿಂದ ಚಿಗವ್ವನ ಬಾಳು ಬೇರೆಯಾಯಿತು. ಯಾರೂ ಆಕೆಯನ್ನು ಹೊಡೆಯಲಿಲ್ಲ, ಉಪವಾಸ ಹಾಕಲಿಲ್ಲ. ಕಾಕಾ ಒಳ್ಳೆಯವನು. ಆದರೆ ನಾಟಿಯ ದಿನ ಮೊದಲ ಹಿಡಿ ಸಸಿ ಹಚ್ಚಲು ಆಕೆಯನ್ನು ಕರೆಯುತ್ತಿರಲಿಲ್ಲ. ಎಮ್ಮೆ ಈಯುವಾಗ ಕೊಟ್ಟಿಗೆಗೆ ಬರಬೇಡ ಅನ್ನುತ್ತಿದ್ದರು. ಎರಡು ವರ್ಷ ಹೋದ ಮೇಲೆ ಅನ್ನುವುದೂ ಬೇಕಾಗಲಿಲ್ಲ, ಆಕೆಯೇ ದೂರ ನಿಲ್ಲತೊಡಗಿದಳು. ಯಾರಾದರೂ ಊರಿಗೆ ಹೊರಟರೆ ಎದುರಿಗೆ ಬರಬಾರದೆಂದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ನಾನು ಹಾಸ್ಟೆಲಿಗೆ ಹೊರಟ ದಿನ ಶೇಂಗಾ ಹೋಳಿಗೆ ಮಾಡಿ, ಅರಿವೆಯಲ್ಲಿ ಕಟ್ಟಿ, ಅವ್ವನ ಕೈಗೆ ಕೊಟ್ಟು ಕಳಿಸಿದ್ದಳು. ಬಸ್ಸಿನಲ್ಲಿ ಗಂಟು ಬಿಚ್ಚಿದೆ, ಹೋಳಿಗೆ ಇನ್ನೂ ಬೆಚ್ಚಗಿದ್ದವು. ಮನೆಯಲ್ಲಿ ನನ್ನನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡಿದ್ದವಳು ಆಕೆ. ತಲೆ ಬಾಚಿದವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು. ಅವಳ ಮುಖ ನೋಡದೆ ಹೊರಟಿದ್ದೆ.

ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದಾಗ ನನಗೆ ಹುಚ್ಚು ಖುಷಿ. ಅಜ್ಜಿಯನ್ನು ಸೋಲಿಸುವ ಆಯುಧ ಸಿಕ್ಕಿತಲ್ಲ. ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಒಂದರಿಂದ ಒಂದು ಆಯಿತು ಅನ್ನಬೇಡಿ ಎಂದು ಪುಸ್ತಕ ಹೇಳುತ್ತಿತ್ತು. ನಮ್ಮ ಹಳೆಯ ತರ್ಕಪಂಡಿತರು, ನೈಯಾಯಿಕರು, ಇದನ್ನು ಎಷ್ಟು ಚೆಂದ ಹೇಳಿದ್ದಾರೆ. ಗಡಿಗೆಗೆ ಮಣ್ಣು ಕಾರಣ, ಕುಂಬಾರ ಕಾರಣ, ಅವನ ಕೋಲು, ಗಾಲಿ ಕಾರಣ. ಮಣ್ಣು ಹೊತ್ತು ತಂದ ಕತ್ತೆ ಇದೆಯಲ್ಲ, ಅದೂ ಗಡಿಗೆಗಿಂತ ಮೊದಲೇ ಅಂಗಳದಲ್ಲಿ ನಿಂತಿತ್ತು, ಆದರೆ ಅದನ್ನು ಕಾರಣ ಅನ್ನುವುದಿಲ್ಲ. ಕತ್ತೆ ಇಲ್ಲದಿದ್ದರೆ ಕುಂಬಾರ ಮಣ್ಣನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದ.

ಗ್ರೀಕರ ವಿಚಾರ ಓದಿದ್ದು ಆಮೇಲೆ. ಅವರ ಭಾಷೆಯಲ್ಲಿ ಕಾರಣಕ್ಕೆ ಇದ್ದ ಮಾತು ಮೊದಲಿಗೆ ತತ್ವಜ್ಞಾನಿಗಳದಾಗಿರಲಿಲ್ಲವಂತೆ. ಜಗಳದ, ತಕರಾರಿನ ಮಾತು ಅದು. ತಪ್ಪಿನ ಹೊಣೆ, ಯಾರ ಮೇಲೆ ದೂರು ಎಂಬ ಅರ್ಥ. ಮನುಷ್ಯ ಮೊದಲು ‘ಯಾರು ಮಾಡಿದ್ದು’ ಎಂದು ಕೇಳಿದ. ‘ಯಾವುದರಿಂದ ಆಯಿತು’ ಎಂದು ಕೇಳಲು ಕಲಿತಿದ್ದು ಬಹಳ ತಡವಾಗಿ. ಇದನ್ನು ಓದಿದ ದಿನ ನನಗೆ ಅಜ್ಜಿ ಕಟ್ಟೆಯ ಮೇಲೆ ಕೂತಿದ್ದು ಕಣ್ಣಿಗೆ ಕಟ್ಟಿತು. ತತ್ವಶಾಸ್ತ್ರ ಎಲ್ಲಿ ಹುಟ್ಟಿತು ಅಂದರೆ ಸತ್ತ ಎತ್ತಿನ ಸುತ್ತ ನಿಂತ ಮಂದಿಯ ನಡುವೆ ಹುಟ್ಟಿತು ಅಂತ ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಆಮೇಲೆ ಚಿಗವ್ವನ ಕಥೆ ಹೇಳುತ್ತಿದ್ದೆ. ಕೊನೆಗೆ, ‘ಪಾಪ, ನಮ್ಮ ಚಿಗವ್ವ ಕುಂಬಾರನ ಕತ್ತೆ’ ಅನ್ನುತ್ತಿದ್ದೆ. ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಂದು ವರ್ಷ ಆ ಬೆಂಚಿನಲ್ಲಿ ಚಿಗವ್ವನ ಮಗನೂ ಕೂತಿದ್ದ. ಅವನು ನಗಲಿಲ್ಲ. ನಾನು ಅದನ್ನು ನೋಡಿದೆ, ಆದರೂ ಪಾಠ ಮುಂದುವರಿಸಿದೆ. ಎಂಥ ಸೊಕ್ಕು ನನ್ನದು ಅಂತ ಈಗ ಅನ್ನಿಸುತ್ತದೆ.

ಆ ಹುಡುಗ ಓದು ಮುಗಿಸಿ ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಹಾಕಿದ. ಒಂದು ಸಲ ಅವನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಒಬ್ಬ ರೈತ ಬಂದು, ಬಕೆಟ್ಟಿನಲ್ಲಿ ಯೂರಿಯಾ ಚೀಲ ನೆನೆಸಿಟ್ಟಿದ್ದೆ, ಎಮ್ಮೆ ಆ ನೀರು ಕುಡಿದು ಸತ್ತಿತು ಅಂತ ಅತ್ತ. ಚಿಗವ್ವನ ಮಗ, ನನಗೆ ತಮ್ಮನಾಗುವವನು, ಸಹಜವಾಗಿ ಹೇಳಿದ: ‘ಆ ನೀರು ಕುಡದ್ರ ದನ ಉಳಿಯಂಗಿಲ್ಲಣ್ಣ. ಹೊಟ್ಟಿ ಉಬ್ಬತೈತಿ, ನೊರಿ ಬರತೈತಿ. ಪ್ರತಿ ವರ್ಷ ಇಂಥಾ ಒಂದು ಕೇಸ್ ಬರತೈತಿ.’

ನನ್ನ ಕೈಯಲ್ಲಿದ್ದ ಚಹಾ ಆರಿಹೋಯಿತು. ಬೆರಳಿಗೆ ಮತ್ತೆ ಆ ತಂಪು ಬಂತು. ಎತ್ತಿನ ಸಾವಿಗೆ ಚಿಗವ್ವ ಕಾರಣಳಲ್ಲ ಅಂತ ಅಷ್ಟು ವರ್ಷ ಸಾಧಿಸಿದ್ದೆ. ಹಾಗಾದರೆ ಕಾರಣ ಏನು ಎಂದು ಒಂದು ದಿನವೂ ಕೇಳಿರಲಿಲ್ಲ. ಎಲ್ಲದಕ್ಕೂ ಯಾಕೆ ಅನ್ನುತ್ತಿದ್ದ ಹುಡುಗಿ ಅದೊಂದನ್ನು ಬಿಟ್ಟಿದ್ದಳು.

ಆಮೇಲೆ ಶಾಸ್ತ್ರವನ್ನೇ ಹಿಡಿದುಕೊಂಡು ತಪ್ಪಿಸಿಕೊಳ್ಳಲು ನೋಡಿದೆ. ನೀರು ಚೆಲ್ಲದಿದ್ದುದು ಕಾರಣವಾದರೆ ಚೀಲ ತೊಳೆದಿದ್ದೂ ಕಾರಣ. ಚೀಲ ತೊಳೆದಿದ್ದು ಮದುವೆಗೆ, ಹಾಗಾಗಿ ಮದುವೆಯೂ ಕಾರಣ. ಯೂರಿಯಾ ಬಂದದ್ದು ಭತ್ತದಿಂದ, ಭತ್ತ ಬಂದದ್ದು ಕಾಲುವೆಯಿಂದ, ಕಾಲುವೆ ಬಂದದ್ದು ಅಣೆಕಟ್ಟೆಯಿಂದ. ಹೀಗೆ ಹಿಂದೆ ಹೋಗುತ್ತ ಹೋದರೆ ಎಲ್ಲರೂ ಕಾರಣ, ಎಲ್ಲರೂ ಕಾರಣ ಅಂದರೆ ಯಾರೂ ಅಲ್ಲ. ಅಜ್ಜಿ ಒಬ್ಬಳ ತಲೆಗೆ ಕಟ್ಟಿದಳು, ನಾನು ಊರಿಗೆಲ್ಲ ಹಂಚಿದೆ. ಇಬ್ಬರೂ ಮಾಡಿದ್ದು ಒಂದೇ, ದೋಣಿಯ ಹತ್ತಿರ ಹೋಗಲಿಲ್ಲ. ತರಗತಿಯಲ್ಲಿ ಚಿಗವ್ವನ ಉದಾಹರಣೆ ಹೇಳುವುದನ್ನು ಬಿಟ್ಟೆ. ಚಿಗವ್ವನಿಗೆ ಮಾತ್ರ ಏನೂ ಹೇಳಲಿಲ್ಲ. ಹಬ್ಬಕ್ಕೆ ಹೋದಾಗಲೆಲ್ಲ ಈ ಸಲ ಹೇಳಬೇಕು ಅಂದುಕೊಂಡು ಹೋಗಿ, ರೊಟ್ಟಿ ಉಂಡು ಬರುತ್ತಿದ್ದೆ.

ನಾನು ನಿವೃತ್ತಳಾಗಿ ಕೆಲ ವರ್ಷಗಳಾದ ಮೇಲೆ, ಇತ್ತೀಚೆಗೆ, ತಮ್ಮ ಸಿಂಧನೂರಿನಲ್ಲಿ ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಎರಡು ದಿನ ಇದೆ ಅನ್ನುವಾಗ ಫೋನ್ ಮಾಡಿದ. ‘ಅಕ್ಕಾ, ಅವ್ವ ಬರಂಗಿಲ್ಲ ಅನ್ನಾಕತ್ತಾಳ. ಹದಿನೈದು ದಿನ ಬಿಟ್ಟು ಬರ್ತೀನಿ, ನಾ ಮೊದಲ ಕಾಲಿಡೂದು ಬ್ಯಾಡ ಅಂತಾಳ. ಹಾಲಿನ ಗಡಿಗಿ ಅಕಿನ ಕೈಯಾಗ ಇರಬೇಕಂತ ನನ್ನ ಆಸೆ. ನೀನರ ಹೇಳು.’

ಮರುದಿನ ಲಿಂಗಸುಗೂರಿನಿಂದ ಮಸ್ಕಿಗೆ, ಅಲ್ಲಿಂದ ಬಳಗಾನೂರಿನ ಬಸ್ಸು ಹಿಡಿದು ಊರಿಗೆ ಹೋದೆ. ಕಾಕಾ ಹೊಲಕ್ಕೆ ಹೋಗಿದ್ದ. ಚಿಗವ್ವ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ಕಂಡು, ‘ನಿನ್ನ ಕಳಿಸ್ಯಾನೇನು ಅವ? ಸುಮ್ನ ಕುಂದ್ರು, ಸಾಲಿ ಪಾಠ ಹೇಳಬ್ಯಾಡ’ ಅಂದಳು.

ನಾನು ಸಾಲಿ ಪಾಠವನ್ನೇ ಹೇಳಿದೆ. ರೂಢಿ ಬಿಡುವುದೇ? ಆಕೆ ಬೇಳೆಯಿಂದ ಕಣ್ಣೆತ್ತದೆ ಬೆರಳು ಮಡಚಿದಳು. ‘ಎತ್ತು ಸತ್ತಿತು. ಮರುವರ್ಷ ಕಾಲುವಿ ಕೊನೀ ತನಕ ನೀರು ಬರಲಿಲ್ಲ. ಎಮ್ಮಿ ಕರ ಹೋತು. ನಿಮ್ಮಪ್ಪ ಬಿದ್ದು ಕಾಲು ಮುರಕೊಂಡ. ಎಲ್ಲಾ ನಾ ಬಂದ ಮ್ಯಾಲೇ ಆಗಿದ್ದು.’

‘ನೀ ಹತ್ತೊಂಬತ್ತಕ್ಕ ಈ ಮನಿಗೆ ಬಂದಿ ಚಿಗವ್ವ. ಆಮ್ಯಾಲೆ ಆಗಿದ್ದೆಲ್ಲಾ ನೀ ಬಂದ ಮ್ಯಾಲೇ ಆಗಬೇಕಲ್ಲ.’

‘ಮಾತಿನ್ಯಾಗ ನೀ ಗೆಲ್ಲತಿ’ ಅಂದಳು. ‘ಅವ ಹೊಟ್ಟಿ ಬಟ್ಟಿ ಕಟ್ಟಿ ಮನಿ ಕಟ್ಟ್ಯಾನ. ಅದಕ್ಕೇನರ ಆದ್ರ ನಾ ಹೆಂಗ ಬದುಕಲಿ?’

ಆಗ ಅರ್ಥವಾಯಿತು. ಅಜ್ಜಿ ಹೇಳಿದ್ದನ್ನು ಚಿಗವ್ವ ಸಹಿಸಿಕೊಂಡಿದ್ದಾಳೆ ಅಂತ ನಾನು ಇಷ್ಟು ದಿನ ತಿಳಿದಿದ್ದೆ. ಸಹಿಸಿಕೊಂಡದ್ದಲ್ಲ, ಆಕೆ ಅದನ್ನು ನಂಬಿದ್ದಳು. ತನ್ನ ಕಾಲಿಗೆ ತಾನೇ ಹೆದರಿಕೊಂಡು ಬಾಳಿದ್ದಳು. ಚೀಲ, ದೋಣಿ, ಬಿರಡೆ, ಟ್ರ್ಯಾಕ್ಟರಿನ ಹಾರ್ನು, ಎತ್ತು ಬಿದ್ದ ಮೇಲೆ ನೀರು ಚೆಲ್ಲಿದ್ದು, ಅವ್ವನಿಗೆ ಹೇಳಿದ ಮಾತು, ಗೊಬ್ಬರದ ಅಂಗಡಿ, ಒಂದೂ ಬಿಡದೆ ಹೇಳಿದೆ.

ಚಿಗವ್ವನ ಕೈಯಲ್ಲಿ ಮೊರ ನಿಂತಿತು. ಆಕೆ ಕಣ್ಣೆತ್ತಿ ಕೇಳಿದಳು: ‘ಅಂದ್ರ ನನ್ನ ಕಾಲಿಂದ ಅಲ್ಲ?’

‘ಅಲ್ಲ. ನನ್ನಿಂದ.’

‘ಅವತ್ತ ನೀ ಹೇಳಿದ್ರ ನಿನಗ ನಾಕು ಏಟು ಬೀಳತಿದ್ದವು. ಎರಡು ದಿನಕ್ಕ ಎಲ್ಲಾರೂ ಮರೀತಿದ್ರು. ನೀ ಮನಿ ಮಗಳು. ನಾ ಹೊರಗಿಂದ ಬಂದಾಕಿ, ನಂದು ಯಾರು ಮರೀತಾರ?’ ಮೊರವನ್ನು ಪಕ್ಕಕ್ಕೆ ಸರಿಸಿ ಮತ್ತೆ ಅಂದಳು: ‘ಹೋಗಲಿ, ಆವಾಗ ನೀ ಸಣ್ಣಾಕಿ. ಅಂಗಡ್ಯಾಗ ಗೊತ್ತಾದ ಮ್ಯಾಲೆ ಯಾಕ ಹೇಳಲಿಲ್ಲ?’

ಮೂವತ್ತು ವರ್ಷ ಕಾರಣದ ಪಾಠ ಹೇಳಿದವಳು ನಾನು. ನನ್ನ ಹತ್ತಿರ ಆಕೆಗೆ ಕೊಡುವಂಥ ಒಂದೇ ಒಂದು ಕಾರಣ ಇರಲಿಲ್ಲ. ನಾಚಿಕೆ ಇತ್ತು. ಆಕೆಯ ಕಣ್ಣಲ್ಲಿ ಸಣ್ಣವಳಾಗುತ್ತೇನೆಂಬ ಹೆದರಿಕೆ ಇತ್ತು. ಆಕೆ ಕಳಕೊಂಡ ನಾಟಿಯ ದಿನಗಳ ಮುಂದೆ ಅವನ್ನು ಕಾರಣ ಅಂತ ಹೇಗೆ ಇಡಲಿ? ಸುಮ್ಮನೆ ಅತ್ತೆ.

‘ಕ್ಲಾಸಿನ್ಯಾಗ ನನ್ನ ಕುಂಬಾರನ ಕತ್ತಿ ಅಂದಿದ್ದಿಯಂತ’ ಅಂದಳು ಚಿಗವ್ವ. ಮಗ ಹೇಳಿದ್ದ. ಇಷ್ಟು ವರ್ಷ ಆಕೆಯೂ ಅದನ್ನು ಒಳಗೇ ಇಟ್ಟುಕೊಂಡು ನನಗೆ ರೊಟ್ಟಿ ಬಡಿಸಿದ್ದಳು.

‘ಅಂದಿದ್ದೆ.’

‘ಕತ್ತೀಗೆ ಹೊರೀ ಗೊತ್ತಿರತೈತಿ. ಹೊರಿಸಿದವರು ಯಾರಂತ ಗೊತ್ತಿರಲಿಲ್ಲ.’ ಇಷ್ಟು ಹೇಳಿ ಎದ್ದು ಒಳಗೆ ಹೋದಳು. ಆ ದಿನವೆಲ್ಲ ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ತಟ್ಟೆ ಇಟ್ಟಳು, ಹಾಸಿಗೆ ಹಾಸಿದಳು. ಬೆಳಿಗ್ಗೆ ಎದ್ದು ನೋಡಿದರೆ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಹಸಿರು ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದಳು. ಕಾಕಾ ಆಕೆಯನ್ನೇ ನೋಡುತ್ತಿದ್ದ. ‘ಜಲ್ದಿ ತಯಾರಾಗು, ಬಸ್ ಹೋಗತೈತಿ’ ಅಂತ ನನಗೆ ಅಂದಳು.

ಸಿಂಧನೂರಿನ ಹೊಸ ಮನೆಯ ಮುಂದೆ ಓಣಿಯ ಮಂದಿಯೆಲ್ಲ ಸೇರಿದ್ದರು. ಮೊದಲು ಆಕಳು, ಕರು ಒಳಗೆ ಹೋದವು. ತಮ್ಮ ಹಾಲಿನ ಗಡಿಗೆಯನ್ನು ಚಿಗವ್ವನ ಕೈಗೆ ಕೊಟ್ಟ. ಚಿಗವ್ವ ಹೊಸ್ತಿಲ ಮುಂದೆ ನಿಂತು ತನ್ನ ಪಾದಗಳನ್ನು ನೋಡಿಕೊಂಡಳು. ಸೊಸೆ ತಂಬಿಗೆಯಿಂದ ನೀರು ಹಾಕಿದಳು. ಚಿಗವ್ವ ಬಲಗಾಲು ಎತ್ತಿ ಒಳಗಿಟ್ಟಳು.

ಇಟ್ಟ ಕ್ಷಣಕ್ಕೇ ಕರೆಂಟು ಹೋಯಿತು.

ಗರಗರ ತಿರುಗುತ್ತಿದ್ದ ಫ್ಯಾನುಗಳು ನಿಂತವು, ಸ್ಪೀಕರಿನ ಹಾಡು ನಿಂತಿತು. ಹಿಂದೆ ಯಾರೋ ಮುದುಕಿ ‘ಅಯ್ಯ, ಕಾಲಿಟ್ಟ ಕೂಡಲೇ’ ಅಂದಳು. ಎಲ್ಲರೂ ಚಿಗವ್ವನನ್ನೇ ನೋಡಿದರು.

ಚಿಗವ್ವ ತಿರುಗಿ ಕೂಡ ನೋಡಲಿಲ್ಲ. ‘ನಾ ಅಲ್ಲ. ಲೈನ್‌ಮನ್‌ನ ಕೇಳ್ರಿ’ ಅಂದವಳೇ ಎಡಗಾಲನ್ನೂ ಒಳಗಿಟ್ಟು, ಹಾಲಿನ ಗಡಿಗೆ ಹಿಡಿದುಕೊಂಡು ಸೀದಾ ಅಡಿಗೆ ಮನೆಗೆ ನಡೆದಳು. ಮಂದಿಯೆಲ್ಲ ಘೊಳ್ಳೆಂದು ನಕ್ಕರು. ತಮ್ಮನೂ ನಕ್ಕ, ಕಣ್ಣೊರೆಸಿಕೊಂಡ. ಒಳಗಿನಿಂದ ಚಿಗವ್ವನ ನಗುವೂ ಕೇಳಿಸಿತು, ಸೇರು ಉರುಳದ ದಿನ ನಕ್ಕಿದ್ದಳಲ್ಲ, ಅದೇ ನಗು.

ಎಲ್ಲರೂ ಒಳಗೆ ಹೋದರು. ನನ್ನ ಕಾಲು ಏಳಲಿಲ್ಲ. ಬಿಸಿಲಿನಲ್ಲಿ ನಿಂತೇ ಇದ್ದೆ. ಹಾಲು ಉಕ್ಕಿದ ವಾಸನೆ ಬಂತು. ಅಡಿಗೆ ಮನೆಯ ಕಿಟಕಿಯಿಂದ ಚಿಗವ್ವ ಮುಖ ಹಾಕಿದಳು.

‘ಯಾಕಬೇ ಹೊರಗ ನಿಂತಿ? ಒಳಗ ಬಾ.’

ನಾನು ಯಾವ ಕಾರಣವನ್ನೂ ಹೇಳದೆ ಒಳಗೆ ಹೋದೆ.